ಹಟ್ಟಿಯ ದಾರಿಗೊಂದು ಸೈಕಲ್ಲು

ಹೋದ ತಿಂಗಳು ತಂಗಿಯ ಮಗಳ ಕಾರಿನಲ್ಲಿ ಹೊಸದುರ್ಗದಿಂದ ಹಿರಿಯೂರಿಗೆ ಹೋಗುವಾಗ ದಾರಿಯಲ್ಲಿ ಗಾಲಿಯ ಗಾಳಿ ಇಳಿಯಿತು. ರಸ್ತೆ ಬದಿಯ ಪಂಕ್ಚರ್ ಅಂಗಡಿಯವನು ನನಗೊಂದು ಸ್ಟೂಲು ಕೊಟ್ಟು, ನಮಗಿಂತ ಮೊದಲು ಬಂದವರ ಮೋಟಾರ್ ಸೈಕಲ್ಲಿನ ಟ್ಯೂಬಿಗೆ ಸಲ್ಯೂಷನ್ ಅಂಟು ಹಚ್ಚಿ ಬಾಯಿಂದ ಊದಿ ಆರಿಸುತ್ತಿದ್ದ. "ತಲೆನೋವು ಬರುತ್ತೆ ದೊಡ್ಡಮ್ಮ, ಈ ಕಡೆ ಕೂತ್ಕೋ ಬಾ" ಎಂದು ಹುಡುಗಿ ಕರೆದಳು. ನಾನು ಏಳಲಿಲ್ಲ. ಸಿಹಿಯೂ ಅಲ್ಲದ, ಘಾಟೂ ಅಲ್ಲದ ಆ ವಾಸನೆ ನನ್ನನ್ನು ಬೇವಿನಹಳ್ಳಿಯಲ್ಲಿ ಕಳೆದ ಒಂದು ವರ್ಷಕ್ಕೆ ಕರೆದುಕೊಂಡು ಹೋಗಿತ್ತು.

ಅವು ಎಪ್ಪತ್ತರ ದಶಕದ ಮೊದಲ ವರ್ಷಗಳು. ಜಿಲ್ಲಾಕೇಂದ್ರ ದುರ್ಗದಲ್ಲಿ ದಾದಿಯ ತರಬೇತಿ ಮುಗಿಸಿ ಬೇವಿನಹಳ್ಳಿಗೆ ಬಂದಿದ್ದೆ. ಹೊಸದುರ್ಗದಿಂದ ಹಿರಿಯೂರಿನ ಕಡೆಗೆ ಹೋಗುವ ರಸ್ತೆಯಿಂದ ತುಸು ಒಳಗಿದ್ದ ಊರು. ಸುತ್ತ ತೆಂಗಿನ ತೋಟ, ಅದರಾಚೆ ರಾಗಿ, ಸಾವೆ, ಔಡಲದ ಹೊಲ, ಅದರಾಚೆ ಕುರುಚಲು ಬೆಳೆದ ಗುಡ್ಡ. ಕೆರೆ ಏರಿಯ ಮೇಲೆ ನಿಂತರೆ ದೂರದಲ್ಲಿ ಮಾರಿಕಣಿವೆ ಅಣೆಕಟ್ಟಿನ ಹಿನ್ನೀರು ಕನ್ನಡಿಯ ಚೂರಿನಂತೆ ಕಾಣುತ್ತಿತ್ತು. ನಾನು ಬಾಡಿಗೆಗಿದ್ದದ್ದು ರುದ್ರಮ್ಮನ ಮನೆಯ ಮುಂದಿನ ಕೋಣೆಯಲ್ಲಿ. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು ಆಕೆ. ಗಂಡ ತೀರಿಕೊಂಡ ಮೇಲೆ ತಾನೇ ನಿಂತು ಬೇಸಾಯ ಮಾಡಿಸುತ್ತಿದ್ದಳು. ಎಲ್ಲದರ ಬಗ್ಗೆಯೂ ಅವಳಿಗೊಂದು ಅಭಿಪ್ರಾಯವಿತ್ತು, ಅದನ್ನು ಹೇಳದೆ ಇರುವ ಅಭ್ಯಾಸವಿರಲಿಲ್ಲ.

ಬಸುರಿ ಬಾಣಂತಿಯರನ್ನು ನೋಡುವುದು, ಹೆರಿಗೆ ಮಾಡಿಸುವುದು, ಮಕ್ಕಳಿಗೆ ಸೂಜಿ ಹಾಕುವುದು ನನ್ನ ಕೆಲಸ. ಸುತ್ತಲಿನ ಹಳ್ಳಿಗಳಿಗೆ ನಡೆದೇ ಹೋಗುತ್ತಿದ್ದೆ. ಬಸ್ಸು ಡಾಂಬರು ರಸ್ತೆ ಬಿಟ್ಟು ಇಳಿಯುತ್ತಿರಲಿಲ್ಲ. ಎಲ್ಲಕ್ಕಿಂತ ದೂರವಿದ್ದದ್ದು ಗುಡ್ಡದ ಮಗ್ಗುಲಿನ ಕುರಿಯವರ ಹಟ್ಟಿ. ಗಂಡಸರು ಕುರಿ ಹೊಡೆದುಕೊಂಡು ವಾರಗಟ್ಟಲೆ ಹೊರಗಿರುತ್ತಿದ್ದರು. ಮನೆಯಲ್ಲಿರುತ್ತಿದ್ದ ಹೆಂಗಸರು ನನ್ನನ್ನು ಕಂಡರೆ ಮಜ್ಜಿಗೆ ಕೊಡುತ್ತಿದ್ದರು, ಆದರೆ ಯಾರಿಗೆ ತಿಂಗಳು ನಿಂತಿದೆ ಎಂಬುದನ್ನು ಮಾತ್ರ ಬಾಯಿಬಿಡುತ್ತಿರಲಿಲ್ಲ. ಹೇಳಿದರೆ ದೃಷ್ಟಿಯಾಗುತ್ತದೆಂಬ ಅಂಜಿಕೆ.

ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಹಟ್ಟಿಯಿಂದ ಕರೆ ಬಂತು. ಕೆಂಚಮ್ಮ ಎಂಬ ಹಿರಿಯಳ ದೊಡ್ಡ ಸೊಸೆ ತಿಪ್ಪಕ್ಕನಿಗೆ ಚೊಚ್ಚಲ ಹೆರಿಗೆ. ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಬಿಸಿಲು ನೆತ್ತಿಗೇರುತ್ತಿತ್ತು. ಅರ್ಧ ನಡೆದು ಅರ್ಧ ಓಡಿ ಹಟ್ಟಿ ಮುಟ್ಟಿದಾಗ ಕೆಂಚಮ್ಮ ಬಾಗಿಲಲ್ಲಿ ಕೂತಿದ್ದಳು. ಮಗು ಹುಟ್ಟಿ ಆಗಿತ್ತು. ಉಸಿರಾಡಿರಲಿಲ್ಲ.

"ನೀವು ನಡ್ಕಂಡು ಬರೋ ಹೊತ್ತಿಗೆ ಎಲ್ಲ ಆಗೋತು ತಾಯಿ" ಎಂದಳು ಕೆಂಚಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಒಳಗೆ ಹೋಗಿ ತಿಪ್ಪಕ್ಕನಿಗೆ ಮಾಡಬೇಕಾದದ್ದನ್ನು ಮಾಡಿದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದಳು.

ಸಂಜೆ ವಾಪಸು ಬರುವಾಗ ಮಾರಿಕಣಿವೆಯ ಕಡೆಯಿಂದ ನೀರಾವರಿ ಇಲಾಖೆಯ ನೌಕರನೊಬ್ಬ ಸೈಕಲ್ಲಿನಲ್ಲಿ ಬಂದು ನನ್ನನ್ನು ದಾಟಿ ಹೋದ. ಅವಸರವೇನೂ ಇರಲಿಲ್ಲ ಅವನಿಗೆ, ಬೀಡಿ ಸೇದುತ್ತ ತುಳಿಯುತ್ತಿದ್ದ. ಆದರೂ ನಾನು ಹತ್ತು ಹೆಜ್ಜೆ ಇಡುವುದರೊಳಗೆ ಮುಂದಿನ ತಿರುವಿನಲ್ಲಿ ಮರೆಯಾಗಿಬಿಟ್ಟ. ನಾನು ಅಲ್ಲೇ ನಿಂತೆ. ನಾನೇಕೆ ನಡೆಯುತ್ತಿದ್ದೇನೆ ಎಂದು ಅದುವರೆಗೆ ಯೋಚಿಸಿಯೇ ಇರಲಿಲ್ಲ.

ಸೈಕಲ್ಲು ಕೊಳ್ಳುತ್ತೇನೆಂದು ನನ್ನ ಮೇಲಧಿಕಾರಿಯಾಗಿದ್ದ ಹೊಸದುರ್ಗದ ಡಾಕ್ಟರಿಗೆ ಹೇಳಿದೆ. ಒಳ್ಳೆಯವರು ಅವರು. "ಬೇಡ ಅನ್ನಲ್ಲ ಸರೋಜಾ. ಆದ್ರೆ ನೀನು ಬಿದ್ದು ಕಾಲು ಮುರ್ಕೊಂಡ್ರೆ ನಾನು ಇನ್ನೊಬ್ಬ ದಾದೀನ ಎಲ್ಲಿಂದ ತರ್ಲಿ" ಎಂದರು. ತುರುವನೂರಿನಲ್ಲಿ ಹೊಲ ಮಾಡಿಕೊಂಡಿದ್ದ ಅಪ್ಪನಿಗೆ ವಿಷಯ ತಿಳಿಸಿದೆ. "ಸೀರೆ ಉಟ್ಕಂಡು ಸೈಕಲ್ ಹೊಡಿಯಾದು ನಾನಂತೂ ನೋಡಿಲ್ಲ. ಆದ್ರೆ ನೀನು ಒಬ್ಳೇ ಅಂಗಡಿಗೆ ಹೋಗ್ಬ್ಯಾಡ, ಏನಾರ ತಲೆಗೆ ಕಟ್ತಾರೆ. ನಾನೂ ಬರ್ತೀನಿ, ಹೋಗಾಣ" ಎಂದರು. ಅಪ್ಪ ಹರೆಯದಿಂದಲೂ ಸೈಕಲ್ಲಿನಲ್ಲೇ ದುರ್ಗದ ಸಂತೆಗೆ ಹೋಗುತ್ತಿದ್ದವರು.

ದುರ್ಗದ ಪೇಟೆಯಲ್ಲಿ ಬಾಷಾ ಸಾಬರ ಸೈಕಲ್ ಅಂಗಡಿ. ಗೋಡೆಯ ತುಂಬ ಗಾಲಿಗಳು, ಸೂರಿನಿಂದ ಹೂಹಾರದಂತೆ ಇಳಿಬಿಟ್ಟ ಟೈರುಗಳು, ಹೊಸ ರಬ್ಬರಿನ ವಾಸನೆ. ಹೆಂಗಸಿಗೆ ಸೈಕಲ್ಲು ಎಂದ ಕೂಡಲೇ ಸಾಬರು ಆಕಾಶನೀಲಿ ಬಣ್ಣದ ಪುಟ್ಟ ಸೈಕಲ್ಲೊಂದನ್ನು ಹೊರಗೆ ತಂದರು. ಮುಂದೆ ತಂತಿಯ ಬುಟ್ಟಿ, ಮಿರಮಿರ ಮಿಂಚುವ ಗಂಟೆ. ನನಗೆ ಅದರ ಮೇಲೆ ಮನಸ್ಸು ಬಂದದ್ದು ನಿಜ. ಆದರೆ ಹೆರಿಗೆಯ ಚೀಲವನ್ನು ನಾನು ಜೊತೆಯಲ್ಲೇ ತಂದಿದ್ದೆ. ಅದನ್ನು ಬುಟ್ಟಿಯಲ್ಲಿಟ್ಟೆ. ಒಳಗಿನ ಸ್ಟೀಲಿನ ಡಬ್ಬಿ, ಕತ್ತರಿ, ಬಾಟಲಿಗಳ ಭಾರಕ್ಕೆ ಹ್ಯಾಂಡಲು ತಾನೇ ಒಂದು ಕಡೆಗೆ ತಿರುಗಿ ನಿಂತಿತು.

ಸಾಬರು ನಕ್ಕರು. "ಎಲ್ಲಿ ಓಡಿಸ್ತೀರಮ್ಮ ನೀವು?"

ಹೇಳಿದೆ. ಬಂಡಿದಾರಿ, ಕೆರೆ ಏರಿ, ಹೊಲದ ಬದು, ಗುಡ್ಡದ ಬುಡ.

"ಹಂಗಾದ್ರೆ ಇದು ಬ್ಯಾಡ್ರಿ. ಇದು ತಾರ್ ರೋಡಿನ ಕುದುರೆ." ಒಳಗೆ ಹೋಗಿ ಕಪ್ಪು ಬಣ್ಣದ ಇನ್ನೊಂದನ್ನು ತಳ್ಳಿಕೊಂಡು ಬಂದರು. ಅದೂ ಹೆಂಗಸರದೇ, ನಡುವೆ ಅಡ್ಡ ಕಂಬಿ ಇರಲಿಲ್ಲ. ಆದರೆ ದೊಡ್ಡ ಗಾಲಿ, ದಪ್ಪ ಟೈರು, ಹಿಂದೆ ಅಗಲವಾದ ಕ್ಯಾರಿಯರು. "ನೋಡಾಕೆ ಚಂದ ಇಲ್ಲ. ಮಜಬೂತು ಐತೆ."

ಅಪ್ಪ ಪಂಚೆ ಎತ್ತಿ ಕಟ್ಟಿ, ಹಿಂದಿನ ಕ್ಯಾರಿಯರಿನ ಮೇಲೆ ತಾವೇ ಕೂತು ಎರಡು ಸಲ ಕುಪ್ಪಳಿಸಿ ನೋಡಿದರು. ಪೇಟೆಯಲ್ಲಿ ಹೋಗುವವರು ನಿಂತು ನೋಡಿದರು. ಅಪ್ಪ ಇಳಿದು ತಲೆಯಾಡಿಸಿದರು. ಅಲ್ಲಿಗೆ ಸೈಕಲ್ಲು ತೀರ್ಮಾನವಾಯಿತು.

ಆಮೇಲೆ ಜೊತೆಗೆ ಬೇಕಾದದ್ದರ ಮಾತು. ಸೀರೆ ಗಾಲಿಗೆ ಸಿಕ್ಕದಂತೆ ಹಿಂದೆ ದಾರದ ಬಲೆ, ಚೈನಿಗೆ ಪೂರ್ತಿ ಮುಚ್ಚಳ. ಕತ್ತಲಾದರೆ ಇರಲಿ ಎಂದು ಗಾಲಿ ತಿರುಗಿದರೆ ಉರಿಯುವ ಡೈನಮೋ ದೀಪ. ಚೀಲ ಬಿಗಿಯಲು ಹಳೇ ಟ್ಯೂಬಿನ ಎರಡು ಪಟ್ಟಿ. ಗಾಳಿ ಹೊಡೆಯುವ ಪಂಪು, ಟೈರು ಬಿಚ್ಚುವ ಸಲಾಕೆ, ನಟ್ಟು ಬಿಚ್ಚುವ ಪಾನಾ, ಉಜ್ಜುಕಾಗದ, ರಬ್ಬರ್ ತೇಪೆ, ಸಲ್ಯೂಷನ್ನಿನ ಟ್ಯೂಬು. "ಮಿಕ್ಕಿದ್ದು ಬಿಟ್ರೂ ಇದನ್ನ ಬಿಡಬ್ಯಾಡ್ರಿ. ನಿಮ್ ಕಡೆ ಮುಳ್ಳು ಜಾಸ್ತಿ" ಎಂದು ಸಾಬರು ಒಂದು ಹಳೇ ಟ್ಯೂಬಿನ ಮೇಲೆ ತೇಪೆ ಹಾಕುವುದನ್ನು ನನ್ನ ಕೈಯಲ್ಲೇ ಮಾಡಿಸಿದರು. ಸೀಟನ್ನು ತೀರಾ ಕೆಳಗಿಳಿಸಿ, "ಮೊದ್ಲು ಕಾಲು ನೆಲಕ್ಕೆ ಮುಟ್ಟಬೇಕು. ಧೈರ್ಯ ಬಂದಂಗೆ ಬಂದಂಗೆ ಏರಿಸ್ಕೊಳ್ರಿ" ಎಂದರು. ಅಪ್ಪ ತಮ್ಮ ಕಡೆಯಿಂದ ಹ್ಯಾಂಡಲಿಗೆ ಒಂದು ದುಂಡು ಕನ್ನಡಿ ಹಾಕಿಸಿದರು. ಹಿಂದಿನಿಂದ ಲಾರಿ ಬಂದರೆ ಕಾಣಬೇಕಂತೆ. ಆ ಕನ್ನಡಿ ನಾನು ಮೊದಲ ಸಲ ಬಿದ್ದಾಗಲೇ ಒಡೆಯಿತು.

ಬಸ್ಸಿನ ಮೇಲೆ ಸೈಕಲ್ಲು ಏರಿಸುವಾಗ ಅಪ್ಪನೂ ಏಣಿ ಹತ್ತಿ ಅದರ ಪಕ್ಕ ಕೂತರು. ಕಂಡಕ್ಟರು ಒಳಗೆ ಜಾಗ ಐತೆ ಬರ್ರಿ ಎಂದರೂ ಕೇಳಲಿಲ್ಲ. ಹೊಳಲ್ಕೆರೆಯಲ್ಲಿ ಟೀ ಕುಡಿಯಲೂ ಇಳಿಯಲಿಲ್ಲ. ಹೊಸದುರ್ಗದ ನಿಲ್ದಾಣದಲ್ಲಿ ಇಳಿದು ಬಂದಾಗ ಅವರ ಹುಬ್ಬು, ಮೀಸೆ, ತಲೆಗೆ ಸುತ್ತಿದ ಟವೆಲು ಎಲ್ಲ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. "ಪೆಡಲು ಸೊಟ್ಟ ಆಗಿಲ್ಲ, ನೋಡ್ಕ" ಎಂದು ಮಾತ್ರ ಹೇಳಿದರು. ಇವತ್ತಿಗೂ ಅಪ್ಪ ಎಂದರೆ ನನಗೆ ಮೊದಲು ಕಣ್ಣಿಗೆ ಬರುವುದು ಆ ಧೂಳಿನ ಮುಖ.

ಕಲಿಸಿದವಳು ರುದ್ರಮ್ಮ. ಅವಳು ಜೀವಮಾನದಲ್ಲಿ ಸೈಕಲ್ಲು ಮುಟ್ಟಿದವಳಲ್ಲ. ಆದರೆ ಊರಿನ ಗಂಡಸರು ಯಾರಾದರೂ ನನ್ನ ಸೈಕಲ್ಲು ಹಿಡಿದು ಓಡುವುದು ಅವಳಿಗೆ ಸರಿಕಾಣಲಿಲ್ಲ. "ಎತ್ತು ಪಳಗಿಸಿದೀನಿ, ಇದೇನು ಮಹಾ" ಎಂದಳು. ನನ್ನ ಬಿಳಿಯ ಯೂನಿಫಾರ್ಮ್ ಸೀರೆಯನ್ನು ಕಳೆ ಕೀಳುವ ಹೆಂಗಸರಂತೆ ಕಚ್ಚೆ ಹಾಕಿ ಕಟ್ಟಿಸಿದವಳೂ ಅವಳೇ. ಬೆಳಕು ಹರಿಯುತ್ತಲೇ ಒಣಗಿದ ಕೆರೆಯಂಗಳಕ್ಕೆ ಹೋಗುತ್ತಿದ್ದೆವು. ಅವಳು ಕ್ಯಾರಿಯರು ಹಿಡಿದು ಹಿಂದೆ ಓಡುತ್ತ, "ಗಾಲಿ ನೋಡಬ್ಯಾಡ, ಮುಂದ್ ನೋಡು, ಆ ಬೇವಿನ ಮರ ನೋಡು" ಎಂದು ಕೂಗುತ್ತಿದ್ದಳು. ನಾನು ಬೇವಿನ ಮರ ನೋಡಿದೆ, ನೇರ ಹೋಗಿ ಅದಕ್ಕೇ ಗುದ್ದಿದೆ. ಮೊಣಕೈ ತರಚಿತು, ಕನ್ನಡಿ ಒಡೆಯಿತು. ರುದ್ರಮ್ಮ ಸೆರಗಿನಿಂದ ಮಣ್ಣು ಒರೆಸುತ್ತ, "ಮರಾನ ಬಳಸ್ಕಂಡು ಹೋಗು ಅಂತ ಬ್ಯಾರೆ ಹೇಳಬೇಕೇನು" ಎಂದಳು.

ಒಂದು ಬೆಳಿಗ್ಗೆ ಅವಳ ದನಿ ದೂರದಿಂದ ಕೇಳಿದಂತಾಯಿತು. ತಿರುಗಿ ನೋಡಲು ಧೈರ್ಯವಿಲ್ಲ. ಕೆರೆಯಂಗಳ ದಾಟಿ, ಏರಿಯ ಬುಡ ತಲುಪಿ, ಕಾಲೂರಿ ನಿಂತು ನೋಡಿದರೆ ರುದ್ರಮ್ಮ ಎಲ್ಲೋ ಹಿಂದೆ, ಕ್ಯಾರಿಯರು ಹಿಡಿದವಳಂತೆ ಎರಡೂ ಕೈ ಮುಂದೆ ಚಾಚಿಕೊಂಡೇ ಓಡಿ ಬರುತ್ತಿದ್ದಳು.

ಆಷಾಢದಲ್ಲಿ ನಿಜವಾದ ಪರೀಕ್ಷೆ ಶುರುವಾಯಿತು. ನಮ್ಮ ಕಡೆಯ ಆಷಾಢವೆಂದರೆ ಮಳೆಗಿಂತ ಗಾಳಿ. ಮೋಡಗಳು ತಲೆಯ ಮೇಲೆ ಓಡುತ್ತಲೇ ಇರುತ್ತವೆ, ನಿಲ್ಲುವುದಿಲ್ಲ. ಪಡುವಣಕ್ಕೆ ಮುಖ ಮಾಡಿ ತುಳಿದರೆ ಯಾರೋ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿದಂತಾಗುತ್ತಿತ್ತು. ಎಷ್ಟೋ ಸಲ ಇಳಿದು ತಳ್ಳಿಕೊಂಡು ಹೋದೆ. ಬರುವಾಗ ಅದೇ ಗಾಳಿ ಬೆನ್ನಿಗೆ. ತುಳಿಯುವುದೇ ಬೇಡ, ಸೈಕಲ್ಲು ತಾನಾಗಿ ತೇಲುತ್ತಿತ್ತು. ಇಕ್ಕೆಲದ ರಾಗಿ ಪೈರು ನಾನು ಹೋಗುವ ದಿಕ್ಕಿಗೇ ಬಾಗುತ್ತಿತ್ತು. ಸೀಟನ್ನು ಎರಡು ಸಲ ಏರಿಸಿಕೊಂಡೆ. ಸಂತೆಗೆ ಹೋಗುವವರು ಮೊದಮೊದಲು ನಿಂತು ನೋಡಿದರು, ಕೆಲವರು ನಕ್ಕರು. ಚಹದಂಗಡಿಯ ಕಟ್ಟೆಯಿಂದ ಒಬ್ಬ, "ಸೀರೆ ಸಿಗಾಕ್ಕಂಡೀತು ನರ್ಸಮ್ಮ" ಎಂದು ದಿನವೂ ಎಚ್ಚರಿಸುತ್ತಿದ್ದ. ಶ್ರಾವಣ ಕಳೆಯುವ ಹೊತ್ತಿಗೆ ಅವನೇ, ತನ್ನ ಸೊಸೆಗೆ ಮೈ ಬಿಸಿಯಾಗಿದೆ, ಆ ಕಡೆ ಹೋಗುವಾಗ ಸ್ವಲ್ಪ ಸೈಕಲ್ ನಿಲ್ಸಿ ನೋಡ್ರಿ ಎಂದು ಕೇಳಿಕೊಂಡ.

ಹಟ್ಟಿಗೆ ಮಾತ್ರ ಸೈಕಲ್ಲು ಹೋಗುತ್ತಿರಲಿಲ್ಲ. ಬಂಡಿದಾರಿ ಮುಗಿದ ಮೇಲೆ ಒಂದು ಕಾಲುಹಾದಿ, ಅದರ ತುಂಬ ನೆಗ್ಗಿಲು. ನೆಲಕ್ಕಂಟಿ ಹಬ್ಬಿ, ಹಳದಿ ಹೂ ಬಿಟ್ಟು, ಮಳೆ ನಿಂತ ಮೇಲೆ ಗಟ್ಟಿ ಮುಳ್ಳಿನ ಕಾಯಿ ಉದುರಿಸುವ ಬಳ್ಳಿ ಅದು. ಬಂಡಿದಾರಿಯ ಕೊನೆಯ ಮನೆಯಲ್ಲಿ ಸೈಕಲ್ಲು ಬಿಟ್ಟು ಅಲ್ಲಿಂದ ನಡೆಯುತ್ತಿದ್ದೆ. ತಿಪ್ಪಕ್ಕ ನನ್ನನ್ನು ಕಂಡರೆ ಒಳಗೆ ಹೋಗಿಬಿಡುತ್ತಿದ್ದಳು.

ಕಾರ್ತಿಕದಲ್ಲಿ, ಬೆಳಗಿನ ಮಂಜು ಇನ್ನೂ ಕರಗದ ಹೊತ್ತಿಗೆ, ಕೆಂಚಮ್ಮನ ಚಿಕ್ಕ ಮಗ ಈರಣ್ಣ ಏದುಸಿರು ಬಿಡುತ್ತ ಬಂದ. ಅವನ ಹೆಂಡತಿ ಸಣ್ಣಮ್ಮನಿಗೆ ನೋವು ಕಾಣಿಸಿಕೊಂಡಿತ್ತು. ನಾನು ಹೋದಾಗಲೆಲ್ಲ ಅವಳನ್ನು ಒಳಗೇ ಇರಿಸುತ್ತಿದ್ದರು, ಅವಳು ಬಸುರಿ ಎಂಬುದೇ ನನಗೆ ಆಗ ತಿಳಿದದ್ದು. ಚೀಲ ಬಿಗಿದು ಹತ್ತಿದೆ. ಅವನು ಪಕ್ಕದಲ್ಲಿ ಓಡಿ ಬರತೊಡಗಿದ. ಬಂಡಿದಾರಿ ಮುಗಿದ ಕಡೆ ಇಳಿಯಲು ನನಗೆ ಮನಸ್ಸಾಗಲಿಲ್ಲ. ಆ ಹೊತ್ತಿನಲ್ಲಿ ನನಗೆ ಬೇಸಿಗೆಯ ಆ ಬೆಳಿಗ್ಗೆಯೊಂದೇ ಕಣ್ಣೆದುರಿಗಿತ್ತು. ಕಾಲುಹಾದಿಗೆ ತಿರುಗಿಸಿದೆ. ಸ್ವಲ್ಪ ದೂರ ಹೋಗುವುದರೊಳಗೆ ಮುಂದಿನ ಗಾಲಿ ಬುಸ್ಸೆಂದಿತು. ಹಿಂದೆಯೇ ಇನ್ನೊಂದು.

ಚೀಲ ಬಿಚ್ಚಿ ಹೆಗಲಿಗೇರಿಸಿ, ಸೈಕಲ್ಲನ್ನು ಜಾಲಿಗಿಡಕ್ಕೆ ಒರಗಿಸಿ ನಡೆಯತೊಡಗಿದೆ. ತಿರುಗಿ ನೋಡಿದರೆ ಈರಣ್ಣ ಸೈಕಲ್ಲನ್ನು ಎತ್ತಿ ಹೆಗಲ ಮೇಲೆ ಹೊತ್ತಿದ್ದ, ಕುಂಟುವ ಕುರಿಯನ್ನು ಹೊರುವ ಹಾಗೆ.

"ಅದನ್ನ ಬಿಟ್ಟು ಬಾರಪ್ಪ, ಯಾರೂ ಒಯ್ಯಲ್ಲ" ಎಂದೆ.

"ಒಯ್ತಾರೆ ಅಂತಲ್ಲ. ಇಲ್ಲೇ ಬಿಟ್ರೆ ನೀವು ವಾಪಸ್ ಹೋಗಾದು ಎಂಗೆ? ನಡ್ರಿ, ನಡ್ರಿ" ಎಂದ.

ಹಟ್ಟಿ ಮುಟ್ಟಿದಾಗ ಸಣ್ಣಮ್ಮ ಇನ್ನೂ ನೋವು ತಿನ್ನುತ್ತಿದ್ದಳು. ನೀರು ಕಾಯಿಸಿಡಿ ಎಂದು ಹೇಳುವ ಮೊದಲೇ ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಒಲೆಯ ಮುಂದಿದ್ದವಳು ತಿಪ್ಪಕ್ಕ. ತನಗೆ ಹಾಗಾದ ಮನೆಯಲ್ಲೇ ಓರಗಿತ್ತಿಯ ಹೆರಿಗೆಗೆ ಬೆಂಕಿ ಮಾಡುತ್ತ ಕೂತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮಗು ಬಂತು. ಕೊರಳಿಗೆ ಕರುಳುಬಳ್ಳಿ ಸುತ್ತಿಕೊಂಡಿತ್ತು. ಬೆರಳು ತೂರಿಸಿ ಬಿಡಿಸಿದೆ. ಮಗು ನೀಲಿಗಟ್ಟಿತ್ತು, ಅಳಲಿಲ್ಲ. ಬಾಯಿ ಒರೆಸಿ, ಬೆನ್ನು ಉಜ್ಜಿದೆ. ತಿಪ್ಪಕ್ಕ ನನ್ನ ಪಕ್ಕದಲ್ಲೇ ಮೊಣಕಾಲೂರಿ, ಬಿಸಿ ಮಾಡಿದ ಬಟ್ಟೆ ಹಿಡಿದು ಕಾಯುತ್ತಿದ್ದಳು, ಕಣ್ಣು ಮಗುವಿನ ಎದೆಯ ಮೇಲೆ. ಮತ್ತೆ ಉಜ್ಜಿದೆ. ಸಣ್ಣಗೆ, ಬೆಕ್ಕಿನ ಮರಿಯಂತೆ ಒಂದು ದನಿ ಬಂತು, ಆಮೇಲೆ ಹಟ್ಟಿಗೆಲ್ಲ ಕೇಳುವ ಅಳು. ತಿಪ್ಪಕ್ಕ ಬಟ್ಟೆಯಲ್ಲಿ ಮಗುವನ್ನು ಸುತ್ತಿಕೊಂಡು ಹೊರಗೆ ಅತ್ತೆಗೆ ತೋರಿಸಲು ಹೋದಳು.

ಎಲ್ಲ ಮುಗಿದ ಮೇಲೆ ಕುರಿದೊಡ್ಡಿಯ ಪಕ್ಕದ ನೆರಳಿನಲ್ಲಿ ಸೈಕಲ್ಲನ್ನು ತಲೆಕೆಳಗು ಮಾಡಿ ಕೂತೆ. ಟೈರು ಬಿಚ್ಚಿ, ಟ್ಯೂಬು ಎಳೆದು, ಗಾಳಿ ಹೊಡೆದು ಬೋಗುಣಿಯ ನೀರಿನಲ್ಲಿ ಅದ್ದಿದೆ. ಗುಳ್ಳೆ ಒಂದು ಕಡೆಯಲ್ಲ, ಸಾಲಾಗಿ ಎದ್ದವು. ಹಟ್ಟಿಯ ಹೆಂಗಸರೆಲ್ಲ ಸುತ್ತ ನೆರೆದಿದ್ದರು. ನಾನು ಉಜ್ಜಿ, ಸಲ್ಯೂಷನ್ ಹಚ್ಚಿ, ಊದಿ, ತೇಪೆ ಒತ್ತುವುದನ್ನು ನೋಡುತ್ತಿದ್ದರು.

"ಏತಕ್ಕೆ ಹಿಂಗಾತು ಇದು?" ಎಂದು ಕೆಂಚಮ್ಮ ಕೇಳಿದಳು.

ಟೈರಿನಿಂದ ಕಿತ್ತ ನೆಗ್ಗಿಲುಮುಳ್ಳನ್ನು ಅವಳ ಅಂಗೈಗೆ ಹಾಕಿದೆ. ಅವಳು ಅದನ್ನು ಹೊರಳಿಸಿ ನೋಡಿದಳು. "ಇಷ್ಟಕ್ಕೇ?" ಎಂದಳು. ತೇಪೆಗಳು ಸಾಲುವಷ್ಟಿದ್ದವು. ಬಿಸಿಲು ಇಳಿಯುವ ಮೊದಲು ಊರು ಸೇರಿದೆ, ಕಾಲುಹಾದಿಯಷ್ಟು ದೂರ ಸೈಕಲ್ಲನ್ನು ಈರಣ್ಣನೇ ಮತ್ತೆ ಹೊತ್ತು ತಂದ.

ಬಾಣಂತಿಯನ್ನು ನೋಡಲು ಮುಂದಿನ ವಾರ ಹೋದೆ. ಬಂಡಿದಾರಿಯ ಕೊನೆಯಲ್ಲಿ ಸೈಕಲ್ಲಿನಿಂದ ಇಳಿದವಳು ಹಾಗೇ ನಿಂತುಬಿಟ್ಟೆ. ಕಾಲುಹಾದಿ ಬದಲಾಗಿತ್ತು. ನೆಗ್ಗಿಲಿನ ಬಳ್ಳಿಗಳನ್ನು ಬೇರುಸಮೇತ ಕಿತ್ತು, ನೆಲವನ್ನು ಕೆರೆದು, ಕಡ್ಡಿ ಪೊರಕೆಯಿಂದ ಗುಡಿಸಿದ್ದರು. ಬದಿಯಲ್ಲಿ ಅಲ್ಲಲ್ಲಿ ಸುಟ್ಟ ಕರಿಯ ಗುಪ್ಪೆಗಳು. ದಾರಿಯ ಅಗಲ ಒಂದು ಸೈಕಲ್ಲು ಹೋಗುವಷ್ಟು, ಅದಕ್ಕಿಂತ ಹೆಚ್ಚಿಲ್ಲ. ನೆಲದ ಮೇಲೆ ಗುಡಿಸಿದ ಗೆರೆಗಳು ಇನ್ನೂ ಇದ್ದವು. ಅವುಗಳ ಮೇಲೆ ಗಾಲಿ ಹಾಯಿಸಲು ಒಂದು ಗಳಿಗೆ ಹಿಂಜರಿದೆ. ಆಮೇಲೆ ಹತ್ತಿ ತುಳಿದೆ. ಮೊದಲ ಸಲ ಹಟ್ಟಿಯ ಅಂಗಳದವರೆಗೂ ಸೈಕಲ್ಲಿನ ಮೇಲೇ ಹೋದೆ.

ಕೆಂಚಮ್ಮ ಉಣ್ಣೆ ನೂಲುತ್ತ ಕೂತಿದ್ದಳು. "ದಾರಿ..." ಎಂದು ಶುರುಮಾಡಿದೆ.

"ಕುರಿ ಕಾಲಿಗೂ ಒಳ್ಳೇದಾತು ಬಿಡ್ರಿ. ಕುಂತ್ಕಳ್ರಿ, ಮಜ್ಜಿಗೆ ತರ್ತಾರೆ" ಎಂದು ಕದಿರು ತಿರುಗಿಸಿದಳು.

ಹೊರಡುವಾಗ ತಿಪ್ಪಕ್ಕ ನನ್ನ ಜೊತೆ ಬಂದಳು. ಸೈಕಲ್ಲಿನ ಹ್ಯಾಂಡಲು ತಾನೇ ಹಿಡಿದು, ಸೊಟ್ಟಂಪಟ್ಟ ತಳ್ಳುತ್ತ ನಡೆದಳು. ಹಟ್ಟಿಯ ಸೂರುಗಳು ಮರೆಯಾದವು. ಆಮೇಲೆ ನಿಂತಳು.

"ನಂಗೂ ಮೂರು ತಿಂಗ್ಳು ಆಗೈತೆ" ಎಂದಳು, ಮುಖ ಗುಡ್ಡದ ಕಡೆ ಮಾಡಿ. "ಅತ್ತೆಗಿನ್ನೂ ಹೇಳಿಲ್ಲ. ನಿಮಗೆ ಮೊದ್ಲು ಹೇಳ್ತಿದೀನಿ."

ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ಅವಳನ್ನು ಬಂಡೆಯ ನೆರಳಿಗೆ ಕೂರಿಸಿ, ಅಲ್ಲೇ ಚೀಲ ಬಿಚ್ಚಿದೆ. ಅಂದಿನಿಂದ ವಾರ ಬಿಟ್ಟು ವಾರ ಹೋಗಿ ಅವಳನ್ನು ನೋಡಿ ಬಂದೆ. ಕಾಲು ಬಾತಾಗ ಉಪ್ಪು ಬಿಡಿಸಿದೆ, ಬೇಡವೆಂದರೂ ಮಾತ್ರೆ ನುಂಗಿಸಿದೆ. ನಗು ಬರಲು ಸಂಕ್ರಾಂತಿಯವರೆಗೆ ಹಿಡಿಯಿತು ಅವಳಿಗೆ.

ವೈಶಾಖದ ಒಂದು ಬೆಳಿಗ್ಗೆ ಅವಳ ಗಂಡ ಬೇವಿನಹಳ್ಳಿಗೆ ಓಡಿ ಬಂದ. ಅವನು ಮಾತು ಮುಗಿಸುವುದರೊಳಗೆ ನಾನು ಸೈಕಲ್ಲು ಹತ್ತಿದ್ದೆ. ಗಾಳಿ ಇರಲಿಲ್ಲ, ದಾರಿ ಚೊಕ್ಕಟವಾಗಿತ್ತು. ಎಲ್ಲೂ ಕಾಲೂರಲಿಲ್ಲ. ಹಟ್ಟಿಯ ಅಂಗಳದಲ್ಲಿ ಇಳಿದು, ಚೀಲ ಎಳೆದುಕೊಂಡು ಒಳಗೆ ನುಗ್ಗಿದರೆ ತಿಪ್ಪಕ್ಕ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ನನ್ನನ್ನೂ, ಹಣೆಯಿಂದ ಇಳಿಯುತ್ತಿದ್ದ ನನ್ನ ಬೆವರನ್ನೂ ನೋಡಿ, ಹಿಟ್ಟಿನ ಕೈಯಲ್ಲೇ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಇಷ್ಟ್ ಬೇಗ ಬಂದ್ಬಿಟ್ರಲ್ಲ ತಾಯಿ. ಇನ್ನೂ ಹೊತ್ತೈತೆ. ಕುಂತ್ಕಳ್ರಿ, ಬಿಸಿ ರೊಟ್ಟಿ ತಿನ್ರಿ ಮೊದ್ಲು."